ಸಿಪಾಯಿ ಗೊಂಬೆಗೆ ಬಣ್ಣ ಹಾಕಿದ ಕೈಗಳು

ಲೋಹದ ಸಿಪಾಯಿ ಗೊಂಬೆಗಳನ್ನು ಮಾರಾಟದ ಸರಕಾಗಿ ರಾಶಿರಾಶಿಯಾಗಿ ಎರಕ ಹೊಯ್ಯುವ ಕಸುಬು ಬೇರೂರಿದ್ದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ, 18ನೆಯ ಶತಮಾನದ ಉತ್ತರಾರ್ಧದಲ್ಲಿ. ಅಲ್ಲಿನ ಹಿಲ್ಪರ್ಟ್ ಮನೆತನ ತವರದ ಕೆಲಸಕ್ಕೆ ಹೆಸರಾಗಿತ್ತು. ಪ್ರಶ್ಯದ ದೊರೆ ಎರಡನೆಯ ಫ್ರೆಡರಿಕ್‌ನ ದಂಡು ಮನೆಮಾತಾಗಿದ್ದ ಕಾಲವದು. ಆ ದೊರೆ, ಅವನ ಕುದುರೆ, ಅವನ ಪದಾತಿ ಎಲ್ಲವೂ ತವರದಲ್ಲಿ ಮೂಡಿದವು. ಆದರೆ ಇವು ಎಲೆಯಂತೆ ಚಪ್ಪಟೆಯಾದ ಗೊಂಬೆಗಳು. ಸ್ಲೇಟು ಕಲ್ಲಿನ ಎರಡು ಹೋಳುಗಳಲ್ಲಿ ಗೊಂಬೆಯ ಎರಡು ಮಗ್ಗುಲುಗಳನ್ನು ಕೊರೆದು, ಹೋಳುಗಳನ್ನು ಬಿಗಿದು, ನಡುವಿನ ಸಂದಿಗೆ ತವರ ಮತ್ತು ಸೀಸದ ಮಿಶ್ರಣವನ್ನು ಹೊಯ್ಯುತ್ತಿದ್ದರು. ಮಾರುತ್ತಿದ್ದದ್ದು ತೂಕದ ಲೆಕ್ಕದಲ್ಲಿ, ತೆಳು ಮರದ ಡಬ್ಬಿಗಳಲ್ಲಿ. 1839ರಲ್ಲಿ ಅದೇ ಊರಿನಲ್ಲಿ ಕೆಲಸ ಶುರುಮಾಡಿದ ಅರ್ನ್ಸ್ಟ್ ಹೈನ್ರಿಕ್ಸೆನ್ ಗೊಂಬೆಯ ಎತ್ತರವನ್ನು 30 ಮಿಲಿಮೀಟರಿಗೆ ನಿಲ್ಲಿಸಿದ. ಕ್ರಮೇಣ ಉಳಿದವರೂ ಅದೇ ಅಳತೆಗೆ ಬಂದರು. ಒಬ್ಬನ ಅಚ್ಚಿನ ಕುದುರೆಸವಾರ ಇನ್ನೊಬ್ಬನ ಅಚ್ಚಿನ ಫಿರಂಗಿಯ ಪಕ್ಕದಲ್ಲಿ ಸಲ್ಲುವಂತಾಯಿತು.

ಎರಕದ ಕೆಲಸ ಕಾರ್ಖಾನೆಯದು, ಬಣ್ಣದ ಕೆಲಸ ಮನೆಗಳದು. ಬೋಳು ಗೊಂಬೆಗಳನ್ನು ಮನೆಗೆ ಒಯ್ದು, ಬಣ್ಣ ಹಾಕಿ ತಂದೊಪ್ಪಿಸುತ್ತಿದ್ದವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು. ಕೂಲಿ ಎಣಿಕೆಯ ಮೇಲೆ ಸಿಗುತ್ತಿದ್ದುದರಿಂದ ಒಂದೊಂದು ಗೊಂಬೆಗೆ ನಾಲ್ಕಾರು ಗೆರೆ ಎಳೆಯುವುದಕ್ಕಿಂತ ಹೆಚ್ಚು ಸಮಯ ಸಲ್ಲುತ್ತಿರಲಿಲ್ಲ.

ಪ್ಯಾರಿಸ್ಸಿನ ಲ್ಯೂಕೊಟ್, ಮಿನ್ಯೊ ಮತ್ತು ಡ್ರೆಸ್ಡೆನ್ನಿನ ಹೈಡೆ ಕಾರ್ಖಾನೆಗಳು ಮೈತುಂಬಿದ ಗಟ್ಟಿ ಗೊಂಬೆಗಳನ್ನು ಎರಕ ಹೊಯ್ದವು. ಇವು ತೂಕದವು, ಬೆಲೆಯೂ ಹೆಚ್ಚು. ಉಳ್ಳವರ ಮಕ್ಕಳ ಆಸ್ತಿ. ವಿನ್‌ಸ್ಟನ್ ಚರ್ಚಿಲ್ ಬಾಲ್ಯದಲ್ಲಿ ಇಟ್ಟುಕೊಂಡಿದ್ದ ಸಿಪಾಯಿಗಳು ಸುಮಾರು 1,500. ಎದುರಾಳಿ ಸೈನ್ಯ ತಮ್ಮ ಜಾಕ್‌ನದು. ಅವನು ಫಿರಂಗಿ ಇಟ್ಟುಕೊಳ್ಳುವಂತಿರಲಿಲ್ಲ. ಇಂಥ ಕರಾರಿನ ಯುದ್ಧದಲ್ಲಿ ಗೆಲ್ಲುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ತಂದೆ ಬಂದು ಈ ದಂಡನ್ನು ತಪಾಸಣೆ ಮಾಡಿ, ಸೈನ್ಯಕ್ಕೆ ಸೇರುತ್ತೀಯಾ ಎಂದು ಕೇಳಿದ್ದನ್ನು ಚರ್ಚಿಲ್ 1930ರ ಆತ್ಮಕಥೆಯಲ್ಲಿ ನೆನೆಸಿಕೊಂಡಿದ್ದಾರೆ.

ಮೈತುಂಬಿದ ಗೊಂಬೆಯನ್ನು ಅಗ್ಗ ಮಾಡಿದ್ದು ಲಂಡನ್ನಿನ ಕಿರಿಯ ವಿಲಿಯಂ ಬ್ರಿಟನ್. 1893ರಲ್ಲಿ ಅವನು ಕಂಡುಕೊಂಡ ಉಪಾಯ ಸರಳ. ಕರಗಿದ ಸೀಸದ ಮಿಶ್ರಣವನ್ನು ಅಚ್ಚಿಗೆ ಹೊಯ್ದಾಗ ಅಂಚಿನಲ್ಲಿರುವುದು ಮೊದಲು ಗಟ್ಟಿಯಾಗುತ್ತದೆ. ನಡುವಿನದು ಇನ್ನೂ ನೀರಾಗಿರುವಾಗಲೇ ಅಚ್ಚನ್ನು ಮಗುಚಿ ಅದನ್ನು ಹೊರಗೆ ಸುರಿದರೆ ಉಳಿಯುವುದು ಪೊಳ್ಳು ಗೊಂಬೆ. ಲೋಹ ಉಳಿಯಿತು, ಸಾಗಣೆ ಹಗುರವಾಯಿತು, ಜರ್ಮನ್ ಸರಕು ಹಿಂದೆ ಬಿತ್ತು. ಗೊಂಬೆಯ ಎತ್ತರವನ್ನು ಅಂದಿನ ಆಟಿಕೆ ರೈಲಿಗೆ ಹೊಂದುವಂತೆ 54 ಮಿಲಿಮೀಟರ್ ಇಟ್ಟರು. ಆ ರೈಲುಗಳ ಕಾಲ ಮುಗಿದರೂ ಅಳತೆ ಉಳಿದುಕೊಂಡಿತು. ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ನಿಯಮ ಬರೆದ ಆಟದಲ್ಲಿ, ಸ್ಪ್ರಿಂಗಿನ ಫಿರಂಗಿ ಮರದ ಗೂಟ ಹಾರಿಸಿ ಈ ಸಿಪಾಯಿಗಳನ್ನು ಕೆಡವುತ್ತಿತ್ತು. ಹೊಳಪಿನ ಬಣ್ಣ ಚಕ್ಕೆ ಎದ್ದರೆ ಯಾರೂ ಚಿಂತಿಸುತ್ತಿರಲಿಲ್ಲ. ಬ್ರಿಟನ್‌ನ ಗೊಂಬೆಗಳಲ್ಲಿಯೂ ಬಣ್ಣದ ಕೆಲಸ ಹೆಂಗಸರದೇ.

ಬೆಳೆದವರು ಇದನ್ನು ಹವ್ಯಾಸವೆಂದು ಒಪ್ಪಿಕೊಂಡದ್ದು ತಡವಾಗಿ. ಬ್ರಿಟಿಷ್ ಮಾಡೆಲ್ ಸೋಲ್ಜರ್ ಸೊಸೈಟಿ ಹುಟ್ಟಿದ್ದು 1935ರಲ್ಲಿ. ಸೀಸ ಮಕ್ಕಳಿಗೆ ವಿಷವೆಂಬ ಎಚ್ಚರ ಬಲಿತು, 1966ರಲ್ಲಿ ಬ್ರಿಟನ್ಸ್ ಕಂಪನಿ ಸೀಸದ ಸಿಪಾಯಿಗಳನ್ನು ನಿಲ್ಲಿಸಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಬಂದಾಗಿತ್ತು, ಅದರೊಂದಿಗೆ ಕುಂಚವೂ ಕೈ ಬದಲಾಯಿಸಿತು.

ಇಂಗ್ಲೆಂಡಿನ ಏರ್‌ಫಿಕ್ಸ್ 1959ರಿಂದ ಪುಟ್ಟ ಮೆದು ಪ್ಲಾಸ್ಟಿಕ್ ಸಿಪಾಯಿಗಳನ್ನು ಬಣ್ಣವಿಲ್ಲದೆಯೇ ಡಬ್ಬಿಯಲ್ಲಿ ತುಂಬಿ ಮಾರಿತು. ಬಾಗುವ ಆ ಪ್ಲಾಸ್ಟಿಕ್‌ಗೆ ಬಣ್ಣ ಹಿಡಿಯುತ್ತಿರಲಿಲ್ಲ. ನಿಜವಾದ ತಿರುವು ಫ್ರಾನ್ಸಿನ ಹಿಸ್ಟೊರೆಕ್ಸ್‌ನದು. 1960ರ ದಶಕದಲ್ಲಿ ಅದು ನೆಪೋಲಿಯನ್ ಕಾಲದ 54 ಮಿಲಿಮೀಟರ್ ಸೈನಿಕರನ್ನು ಗಟ್ಟಿ ಪಾಲಿಸ್ಟೈರೀನಿನ ಬಿಡಿ ಭಾಗಗಳಾಗಿ ತಂದಿತು. ತಲೆ, ತೋಳು, ಟೋಪಿ, ಖಡ್ಗ, ಎರಡು ಹೋಳಿನ ಕುದುರೆ ಎಲ್ಲವೂ ಬೇರೆಬೇರೆ. ಲಗಾಮಿನ ಪಟ್ಟಿಯನ್ನಂತೂ ತೆಳು ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ ತಾನೇ ಅಂಟಿಸಬೇಕು. ಕೊಂಡವನು ಆಟಗಾರನಲ್ಲ, ಕುಶಲಕರ್ಮಿ ಎಂದು ಒಪ್ಪಿಕೊಂಡ ಸರಕು ಅದು.

ಜಪಾನಿನ ಶಿಜುವೊಕದ ತಮಿಯಾ ಕಂಪನಿ ಮೂಲತಃ ಮರ ಕೊಯ್ಯುವ ಗಿರಣಿ. 1960ರ ದಶಕದ ಆರಂಭದಲ್ಲಿ ಅದು ತಯಾರಿಸಿದ ಪ್ಯಾಂಥರ್ ಟ್ಯಾಂಕಿನೊಳಗೆ ಮೋಟಾರು, ಬ್ಯಾಟರಿ ಹಿಡಿಸಬೇಕಿತ್ತು. ಅವು ಕೂರುವಷ್ಟು ದೊಡ್ಡದು ಮಾಡಿ, ಆಮೇಲೆ ಅಳೆದು ನೋಡಿದರೆ ಅದು ಅಸಲಿಯ 35ನೆಯ ಒಂದು ಪಾಲು! ಯಾವ ಲೆಕ್ಕಕ್ಕೂ ಹೊಂದದ ಆ ಅಳತೆಯೇ 1968ರಲ್ಲಿ ಶುರುವಾದ ಅದರ ಸೈನಿಕ ಕಿಟ್‌ಗಳಿಗೂ, ಮುಂದೆ ಜಗತ್ತಿನ ಬಹುಪಾಲು ತಯಾರಕರಿಗೂ ಮಾದರಿಯಾಯಿತು.

ಕಿಟ್ ಜೋಡಿಸುವ ಕ್ರಮ ಅಂದಿನಿಂದ ಅಷ್ಟಾಗಿ ಬದಲಾಗಿಲ್ಲ. ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸಿ, ಅಚ್ಚಿನ ಎರಡು ಹೋಳು ಕೂಡಿದಲ್ಲಿ ಉಳಿದ ಗೆರೆಯನ್ನು ಬ್ಲೇಡಿನಿಂದ ಹೆರೆದು, ಅಂಟಿಸಿ, ಸಂದಿಗೆ ಪುಟ್ಟಿ ತುಂಬಿ, ಸೋಪುನೀರಿನಲ್ಲಿ ತೊಳೆದು, ಪ್ರೈಮರ್ ಹೊಡೆಯುತ್ತಾರೆ. ಬದಲಾದದ್ದು ಬಣ್ಣದ ವಿದ್ಯೆ. ಬೆರಳುದ್ದದ ಗೊಂಬೆಯ ಮಡಿಕೆಗಳಲ್ಲಿ ಬೀಳುವ ನಿಜವಾದ ನೆರಳು ಕಣ್ಣಿಗೆ ಸಾಲದು. ಆದ್ದರಿಂದ ಮಡಿಕೆಯ ಆಳಕ್ಕೆ ಗಾಢ ಬಣ್ಣ, ಉಬ್ಬಿಗೆ ತಿಳಿ ಬಣ್ಣ ಕೊಟ್ಟು ನೆರಳು ಬೆಳಕನ್ನು ಬರೆಯಲೇಬೇಕು. ಮುಖಕ್ಕೆ ತೈಲವರ್ಣವೇ ಹಲವರ ಆಯ್ಕೆ, ಏಕೆಂದರೆ ಅದು ನಿಧಾನ ಒಣಗುತ್ತದೆ. ಕೆನ್ನೆಯ ಕೆಂಪು ಮೂಗಿನ ಪಕ್ಕದ ಕಂದಿನೊಳಗೆ ಕರಗುವಂತೆ ತೀಡಲು ಬಿಡುವಿರುತ್ತದೆ. ಅಕ್ರಿಲಿಕ್ ಬೇಗ ಒಣಗುವುದರಿಂದ ನೀರಾದ ಪದರಗಳನ್ನು ಒಂದರ ಮೇಲೊಂದು ಏರಿಸಬೇಕು. ಷಿಕಾಗೋದ ಶೆಪರ್ಡ್ ಪೇನ್ (1946–2015) ಮಾನೊಗ್ರಾಂ ಕಂಪನಿಯ ಕಿಟ್‌ಗಳ ಜೊತೆ ಬರುತ್ತಿದ್ದ ಸಲಹಾ ಹಾಳೆಗಳಲ್ಲಿಯೂ ತನ್ನ ಪುಸ್ತಕಗಳಲ್ಲಿಯೂ ಕಸುಬಿನ ಗುಟ್ಟುಗಳನ್ನು ಬಿಚ್ಚಿಟ್ಟ. ಒಂದು ಪೀಳಿಗೆ ಅವನಿಂದ ಕಲಿಯಿತು. ಸಮವಸ್ತ್ರದ ಗುಂಡಿ, ಪಟ್ಟಿಗಳ ವಿವರಕ್ಕೆ 1971ರಿಂದ ಹೊರಬಂದ ಆಸ್‌ಪ್ರೇ ಪ್ರಕಾಶನದ ‘ಮೆನ್ ಅಟ್ ಆರ್ಮ್ಸ್’ ಮಾಲೆ ಆಧಾರವಾಯಿತು.

ಬೆಲ್ಜಿಯಂನ ಫ್ರಾಂಸ್ವಾ ವೆರ್ಲಿಂಡನ್ ರೆಸಿನ್ ಗೊಂಬೆಗಳನ್ನು ಜನಪ್ರಿಯಗೊಳಿಸಿದ. ಇಂದು ಉಕ್ರೇನಿನ ಐಸಿಎಂ, ಮಾಸ್ಟರ್ ಬಾಕ್ಸ್‌ನಂಥ ಕಂಪನಿಗಳೂ ಈ ಮಾರುಕಟ್ಟೆಯಲ್ಲಿವೆ. ಈಗಿನ ಎಷ್ಟೋ ಡಬ್ಬಿಗಳ ಮೇಲೆ ಗೊಂಬೆ ಕಡೆದವನ ಹೆಸರಿನ ಜೊತೆ ಮಾದರಿಗೆ ಬಣ್ಣ ಹಾಕಿದವನ ಹೆಸರೂ ಅಚ್ಚಾಗಿರುತ್ತದೆ. ಬ್ರಿಟನ್ಸ್‌ನ ಕೆಂಪು ಡಬ್ಬಿಗಳ ಮೇಲೆ ಇದ್ದದ್ದು ಪಲ್ಟನ್ನಿನ ಹೆಸರು, ಬಣ್ಣ ಹಾಕಿದವರದಲ್ಲ.