ಕಾಯಿಗೆ ಮುಖ, ಗೊಂಬೆಗೆ ಆಟ

ಬಾಯ್ಲರ್ ಹೊಟ್ಟೆ, ಬೆನ್ನಿಗೊಂದು ಹೊಗೆಕೊಳವೆ, ಕೈಗೆ ಸುತ್ತಿಗೆ: ಹೆಬ್ಬೆರಳಿನಷ್ಟೆತ್ತರದ ಉಗಿಯಂತ್ರದ ದೈತ್ಯರನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ದಾಳ ಹಾಕಿ, ಟೇಪಿನಿಂದ ದೂರ ಅಳೆದು ಯುದ್ಧ ಹೂಡುವ ಆಟ ಇಂಗ್ಲೆಂಡು, ಅಮೆರಿಕದ ಸರಕು ಅಂತಲೇ ಎಲ್ಲರ ಲೆಕ್ಕ. ಅದು ಅರ್ಧ ಮಾತ್ರ ನಿಜ.

ಯುದ್ಧವನ್ನು ಮಣೆಗೆ ಇಳಿಸಿದ್ದು ನಮ್ಮ ಚದುರಂಗ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲೇ ಅದರ ವಿವರವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ (1794–1868) ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಇಳಿಸುವ ಲೆಕ್ಕ ಕಟ್ಟುವುದೊಂದು ಗೀಳು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿ ಭಾಗದ ತುಂಬ ಆಟಗಳೇ. ಆದರೆ ಆಡುವ ಕಾಯಿ ಬರಬರುತ್ತ ಮುಖ ಕಳೆದುಕೊಂಡಿತು. ಬಣ್ಣ, ಮೀಸೆ, ಪೇಟವೆಲ್ಲ ದಸರಾ ಗೊಂಬೆಗೆ ಹೋಯಿತು. ಮನೆಯ ಮೆಟ್ಟಿಲುಗಳ ಮೇಲೆ ಕೂರಿಸುವ ಜಂಬೂಸವಾರಿಯಲ್ಲಿ ಕಾಲಾಳು, ಕುದುರೆ, ಬ್ಯಾಂಡಿನವರು ಎಲ್ಲ ಇದ್ದಾರೆ. ಮಕ್ಕಳು ಮುಟ್ಟಿದರೆ ಮಾತ್ರ ಬೈಗುಳ!

ಯೂರೋಪಿನಲ್ಲಿ ನಡೆದದ್ದು ಉಲ್ಟಾ. ಪ್ರಷ್ಯದ ಸೇನಾಧಿಕಾರಿ ಫಾನ್ ರೈಸ್ವಿಟ್ಜ್ 1824ರಲ್ಲಿ ನಕ್ಷೆ, ದಾಳ ಬಳಸಿ ‘ಕ್ರೀಗ್ಸ್‌ಪೀಲ್’ ಆಡಿಸಿದಾಗ ಕಾಯಿಗಳು ಬರೀ ಬಿಲ್ಲೆಗಳು. 1893ರಲ್ಲಿ ಬ್ರಿಟನ್ಸ್ ಕಂಪನಿ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಎರಕ ಹೊಯ್ದು ಅಗ್ಗಕ್ಕೆ ಮಾರಿತು, 1913ರಲ್ಲಿ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಬರೆದು ಅವರನ್ನು ಆಟಕ್ಕಿಳಿಸಿದರು. ಕಾಯಿಗೆ ಮುಖ ಬಂತು.

ಇನ್ನು ಯಂತ್ರದ ಮಾತು. ಅದರ ಅತ್ಯುತ್ತಮ ನಮೂನೆ ಶ್ರೀರಂಗಪಟ್ಟಣದ್ದೇ. ಟಿಪ್ಪುವಿನ ಹುಲಿ ಬಣ್ಣ ಬಳಿದ ಮರದ ಯಂತ್ರ. ನೆಲಕ್ಕೆ ಬಿದ್ದ ಯೂರೋಪಿಯನ್ನನ ಮೇಲೆ ಹುಲಿ ಎರಗಿದೆ. ಹಿಡಿ ತಿರುಗಿಸಿದರೆ ಒಳಗಿನ ತಿದಿ ಗಾಳಿಯೂದುತ್ತದೆ. ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಪಕ್ಕೆಯ ಬಾಗಿಲು ತೆರೆದರೆ ಪುಟ್ಟದೊಂದು ಆರ್ಗನ್. 1799ರ ಲೂಟಿಯಲ್ಲಿ ಅದು ಲಂಡನ್ನಿಗೆ ಹೋಯಿತು, 1808ರಿಂದ ಈಸ್ಟ್ ಇಂಡಿಯಾ ಹೌಸಿನಲ್ಲಿ ಪ್ರದರ್ಶನಕ್ಕಿತ್ತು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಉಗಿಯೊಂದಿಲ್ಲ ಅನ್ನುವುದು ಬಿಟ್ಟರೆ, ಉಗಿಯುಗದ ಯಂತ್ರಗಳ ಕಲ್ಪನಾಲೋಕ ಕಟ್ಟುವ ಸ್ಟೀಮ್‌ಪಂಕ್‌ನವರು ಬಯಸುವುದೆಲ್ಲ ಇದರಲ್ಲಿದೆ.

ಸ್ಟೀಮ್‌ಪಂಕ್ ಎಂಬ ಹೆಸರನ್ನು ಕಾದಂಬರಿಕಾರ ಕೆ. ಡಬ್ಲ್ಯು. ಜೀಟರ್ ತಮಾಷೆಗೆ ಇಟ್ಟದ್ದು 1987ರಲ್ಲಿ. ಮರುವರ್ಷವೇ ‘ಸ್ಪೇಸ್: 1889’ ಆಟ ಬಂತು. ಉಗಿಯ ರೋಬೋಗಳೇ ನಾಯಕರಾದದ್ದು 2003ರ ‘ವಾರ್‌ಮಷೀನ್’ನಲ್ಲಿ. ಮುಂದೆ ತ್ರೀಡಿ ಪ್ರಿಂಟರೂ ಬಂತು. ಆ ಕಥೆ ಎಲ್ಲರಿಗೂ ಗೊತ್ತು.

ನನಗೆ ಕುತೂಹಲ ಬಣ್ಣದ ಕೆಲಸದ್ದು. ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಅಂಟಿಸಿ, ಹುಣಸೆಬೀಜದ ಸರಿ, ಮರದ ಹೊಟ್ಟು ಸೇರಿಸಿದ ಕಿಟ್ಟದಿಂದ ಸಂದು ಮುಚ್ಚುತ್ತಾರೆ. ಬಿಳಿ ಬಳಿದ ಮೇಲೆಯೇ ಬಣ್ಣ. ರೋಬೋ ಕಟ್ಟುವವರ ಕ್ರಮವೂ ಇದೇ: ಪುಟ್ಟಿ, ಪ್ರೈಮರ್, ಆಮೇಲೆ ಬಣ್ಣ. ಬೇರೆಯಾಗುವುದು ಕೊನೆಯಲ್ಲಿ. ಕಿನ್ನಾಳದ ಗೊಂಬೆ ಮಿರಿಮಿರಿ ಹೊಸದಾಗಿ ಕಾಣಬೇಕು, ರೋಬೋ ಹಳತಾಗಿ. ಕಬ್ಬಿಣದ ಬಣ್ಣ ಒಣಗಿದ ಮೇಲೆ ತೆಳು ಕಂದು ನೀರು ಹರಿಸಿದರೆ ಅದು ರಿವೆಟ್ಟಿನ ಸುತ್ತ ನಿಂತು ಕಪ್ಪಾಗುತ್ತದೆ. ಒಣ ಬ್ರಷ್ಷಿಗೆ ತುಸುವೇ ಬೆಳ್ಳಿ ಬಣ್ಣ ಮುಟ್ಟಿಸಿ, ಬಟ್ಟೆಗೆ ಒರೆಸಿ, ಅಂಚಿಗೆ ಸವರಿದರೆ ಕಬ್ಬಿಣ ಸವೆದಂತೆ ಕಾಣುತ್ತದೆ. ತುಕ್ಕನ್ನು ಎಲ್ಲೆಂದರಲ್ಲಿ ಬಳಿಯುವವರೇ ಹೆಚ್ಚು. ನೀರು ನಿಲ್ಲುವ ಕಡೆಯೇ ತುಕ್ಕು ಹೆಚ್ಚು ಹಿಡಿಯುತ್ತದೆ ಅನ್ನುವುದು ಕಾರ್ಖಾನೆ ಊರಿನವರಿಗೆ ಹೇಳಿಕೊಡಬೇಕಿಲ್ಲ.

ಭದ್ರಾವತಿಯ ಕಾಗದನಗರದಂಥ ಜಾಗ ಈ ಹವ್ಯಾಸಕ್ಕೆ ಒದಗುವುದು ಇಲ್ಲೇ. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ ನಡೆಯುತ್ತಿತ್ತು. ಅದಕ್ಕೂ ಹಿಂದಿನ ಕಬ್ಬಿಣದ ಕಾರ್ಖಾನೆಯಿದೆ. ಉಗಿಯಂತ್ರದ ಮಾದರಿಗೆಂದು ಲಂಡನ್ನಿನ ಹಳೆಯ ಫೋಟೋ ತಡಕುವವರು ಒಮ್ಮೆ ಇದರ ಚರಿತ್ರೆ ಓದಬೇಕು. 1923ರಲ್ಲಿ ಇಲ್ಲಿ ಊದುಕುಲುಮೆ ಹೊತ್ತಿದಾಗ ಅದಿರು ಕೆಮ್ಮಣ್ಣುಗುಂಡಿಯದು, ಉರಿ ಮಾತ್ರ ಕಲ್ಲಿದ್ದಲಿನದಲ್ಲ, ಮಲೆನಾಡಿನ ಕಾಡಿನ ಮರದ ಇದ್ದಲಿನದು. ಮರ ಬಟ್ಟಿ ಇಳಿಸುವಾಗ ಡಾಂಬರು, ಮದ್ಯಸಾರವನ್ನೂ ತೆಗೆಯುತ್ತಿದ್ದರು. ಹಾಗಾಗಿ ಇಲ್ಲಿನವರು ಕಟ್ಟುವ ರೋಬೋದ ಬೆನ್ನಿಗೆ ಕಲ್ಲಿದ್ದಲ ಪೆಟ್ಟಿಗೆ ಹೊಂದುವುದಿಲ್ಲ. ಬೆಂಕಿಕಡ್ಡಿ ಸೀಳಿ ಒಂದು ಸೌದೆ ಹೊರೆ ಕಟ್ಟಿ ಅಂಟಿಸಬೇಕು.