ಹಾವಿನ ವಿಷ, ಸೋಯಾ ಕಾಳು ಮತ್ತು ಅಜ್ಜಿಯ ಬಿಪಿ ಮಾತ್ರೆ

ಹೋದ ತಿಂಗಳು ಅಜ್ಜಂಪುರದ ಅಜ್ಜಿ ಮನೆಗೆ ಹೋಗಿದ್ದೆ. ಅವರ ಬಿಪಿ ಮಾತ್ರೆ ಶೀಟು ಒಂದೂ ಖಾಲಿಯಾಗಿರಲಿಲ್ಲ. "ಏನಜ್ಜಿ ಇದು?" ಅಂದೆ. "ಹುರುಳಿಕಟ್ಟಲ್ಲೇ ಬಿಪಿ ಇಳ್ಸೋ ಪ್ರೋಟೀನ್ ಇದೆಯಂತೆ ಕಣೋ, ಮೊಬೈಲಲ್ಲಿ ಬಂದಿತ್ತು" ಅಂದ್ರು.

ಕಡೂರು-ಅಜ್ಜಂಪುರದ ಬಯಲಲ್ಲಿ ಹುರುಳಿ ನಮಗೂ ಬೇಕು, ದನಕ್ಕೂ ಬೇಕು. ತರೀಕೆರೆಯ ತೋಟದ ಮನೆಗಳಲ್ಲೂ ಕಟ್ಟಿನ ಸಾರು ಬಿಟ್ಟವರಿಲ್ಲ. ಹಾಗಾಗಿ ನಕ್ಕು ಸುಮ್ಮನಾಗದೆ ಹುಡುಕ್ತಾ ಹೋದೆ. ಆ ಮೆಸೇಜು ಪೂರ್ತಿ ಸುಳ್ಳಲ್ಲ ಅನ್ನೋದೇ ಕಷ್ಟ.

ಬಿಕಾಂ ಓದಿದ ನನಗೆ ಅರ್ಥವಾದಷ್ಟು ಹೇಳ್ತೀನಿ. ನಮ್ಮ ಮೈಯಲ್ಲಿ ಎಸಿಇ ಅನ್ನೋ ಒಂದು ಕಿಣ್ವ ಇದೆ. ಅದು 10 ಅಮೈನೋ ಆಮ್ಲಗಳ ಒಂದು ಸರವನ್ನ 8ಕ್ಕೆ ಕತ್ತರಿಸುತ್ತೆ. ಆ ಎಂಟರ ಸರ ರಕ್ತನಾಳವನ್ನ ಬಿಗಿ ಮಾಡುತ್ತೆ, ಬಿಪಿ ಏರುತ್ತೆ. ಕತ್ತರಿಯ ಬಾಯಿಗೆ ಬೇರೆ ಏನಾದ್ರೂ ಸಿಕ್ಕಿಸಿದ್ರೆ? ಆ ದಾರಿ ತೋರಿಸಿದ್ದು ಹಾವು. 1965ರಲ್ಲಿ ಬ್ರೆಜಿಲ್‌ನ ಸರ್ಜಿಯೋ ಫೆರೇರಾ, ಜರರಾಕಾ ಹಾವಿನ ವಿಷದಲ್ಲಿದ್ದ ಪೆಪ್ಟೈಡ್‌ಗಳ ಬಗ್ಗೆ ಬರೆದರು. ಪೆಪ್ಟೈಡ್ ಅಂದ್ರೆ ಪ್ರೋಟೀನಿನ ಚಿಕ್ಕ ತುಂಡು. ಅವು ಈ ಕತ್ತರಿಯನ್ನ ತಡೀತವೆ ಅಂತ ಆಮೇಲೆ ಗೊತ್ತಾಯ್ತು. ಅಮೆರಿಕದ ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಅದೇ ಜಾಡು ಹಿಡಿದು ಕ್ಯಾಪ್ಟೋಪ್ರಿಲ್ ಮಾಡಿದರು. 1981ರಲ್ಲಿ ಅದಕ್ಕೆ ಅಲ್ಲಿ ಒಪ್ಪಿಗೆ ಸಿಕ್ತು.

ವಿಷದಲ್ಲಿ ಸಿಗೋದು ಊಟದಲ್ಲೂ ಸಿಗಬಹುದಾ? 1979ರಲ್ಲಿ ಜಪಾನಿನವರು ಜೆಲಾಟಿನ್‌ನಲ್ಲಿ ಕಂಡರು. ಆಮೇಲೆ ಕಾಳು, ಬೀಜಗಳ ಸರದಿ. ಇಲ್ಲಿ ನಮ್ಮ ಮೈಸೂರು ಬರುತ್ತೆ. ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ, ಶೇಂಗಾ ಹಿಟ್ಟು, ಕಡಲೆ ಹಿಟ್ಟು ಬೆರೆಸಿ ಬಡವರಿಗೆ ಪ್ರೋಟೀನ್ ಕೊಡೋಕೆ ಹೊರಟ ಸಂಸ್ಥೆ. ಅಲ್ಲಿನ ವಿ. ಪ್ರಕಾಶ್, ಅಪ್ಪು ರಾವ್, ಲಲಿತಾ ಗೌಡ ಅವರಿದ್ದ ತಂಡ 2006ರಲ್ಲಿ ಸೋಯಾ ಕಾಳಿನ ಗ್ಲೈಸಿನಿನ್ ಅನ್ನೋ ಪ್ರೋಟೀನನ್ನ ಕಿಣ್ವದಿಂದ ಕತ್ತರಿಸಿ, ಎಸಿಇ ತಡೆಯೋ ಒಂದು ತುಂಡನ್ನ ಹೆಕ್ಕಿ ತೆಗೀತು. ಐದೇ ಮಣಿಯ ಸರ: ವ್ಯಾಲಿನ್, ಲ್ಯೂಸಿನ್, ಐಸೋಲ್ಯೂಸಿನ್, ಮತ್ತೆ ವ್ಯಾಲಿನ್, ಕೊನೇಲಿ ಪ್ರೋಲಿನ್. ಹಾವಿನ ಪೆಪ್ಟೈಡಿನ ತುದೀಲೂ ಪ್ರೋಲಿನ್, ಕ್ಯಾಪ್ಟೋಪ್ರಿಲ್ ಒಳಗೂ ಪ್ರೋಲಿನ್! ಇದನ್ನ ಓದಿದಾಗ ನನಗೆ ರೋಮಾಂಚನ ಆಗಿದ್ದು ನಿಜ.

ಆದ್ರೆ ಅದು ಸೋಯಾ, ಹುರುಳಿ ಅಲ್ಲ. ಆ ಐದು ಮಣಿ ಕಾಳಿನೊಳಗೆ ಬಿಡಿಯಾಗಿ ಬಿದ್ದಿರಲ್ಲ, ದೊಡ್ಡ ಸರದ ಮಧ್ಯೆ ಸಿಕ್ಕಿಕೊಂಡಿರುತ್ತೆ. ಬೇಯಿಸಿದ್ರೆ ಪ್ರೋಟೀನಿನ ಮಡಿಕೆ ಬಿಚ್ಚುತ್ತೆ ಅಷ್ಟೇ. ಸರಿಯಾದ ಜಾಗದಲ್ಲಿ ಕತ್ತರಿಸೋಕೆ ಕಿಣ್ವ ಬೇಕು. ಹಾಗೆ ಬಿಡಿಸಿ ತಿಂದರೂ ಹೊಟ್ಟೆ ಮತ್ತೆ ತುಂಡು ಮಾಡಬಹುದು. ಪರೀಕ್ಷಾ ನಳಿಕೆಯಲ್ಲಿ ಗೆದ್ದಿದ್ದು ರಕ್ತಕ್ಕೆ ಎಷ್ಟು ಸೇರುತ್ತೆ ಅನ್ನೋದು ಬೇರೆ ಲೆಕ್ಕ. (ಕಟ್ಟಿನ ಸಾರಿಗೆ ಅಜ್ಜಿ ಹಾಕೋ ಉಪ್ಪಿನ ಬಗ್ಗೆ ನಾನು ಮಾತಾಡಲ್ಲ.)

ಶೀಟಿನ ಹಿಂದೆ ಹೆಸರು ನೋಡಿದೆ: ಎನಾಲಾಪ್ರಿಲ್. ಕ್ಯಾಪ್ಟೋಪ್ರಿಲ್‌ನ ತಮ್ಮ. ಅಜ್ಜಿ ಕಾಳಲ್ಲಿ ಹುಡುಕ್ತಿದ್ದ ಕೆಲಸವನ್ನೇ ಮಾಡೋ ಮಾತ್ರೆ, ಅಳತೆ ಗೊತ್ತಿರೋದು, ಪಕ್ಕದಲ್ಲೇ ಇತ್ತು. ಹಾವಿನ ಕಥೆ ಹೇಳಿದೆ. "ಅಯ್ಯೋ, ಇಷ್ಟ್ ದಿನ ಹಾವಿನ ವಿಷ ನುಂಗ್ಸಿದ್ರಾ?" ಅಂದ್ರು. ಇಲ್ಲಜ್ಜಿ, ಇದು ಕಾರ್ಖಾನೆದು ಅಂತ ಸಮಾಧಾನ ಮಾಡಿ, ಮಾರನೇ ದಿನ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಬಿಪಿ ಏರಿತ್ತು. ಈಗ ಮತ್ತೆ ಮಾತ್ರೆ ಶುರು, ಕಟ್ಟಿನ ಸಾರೂ ನಡೀತಿದೆ.