ವಾದ್ಯದ ಬಾಯಿ ಯಾರ ಕಡೆಗೆ?

ಯುಕುಲೇಲೆ ಎಂಬ ಪುಟ್ಟ ತಂತಿವಾದ್ಯವನ್ನು ನೀವು ಕಂಡಿರಬಹುದು. ನಾಲ್ಕೇ ತಂತಿ, ಮೊಳಕ್ಕಿಂತ ತುಸು ಉದ್ದ, ಕೂಸನ್ನು ಎತ್ತಿಕೊಂಡಂತೆ ಎದೆಗವಚಿ ನುಡಿಸುವಂಥದು. ಯಲಹಂಕದ ಕಡೆ ಪ್ರೌಢಶಾಲೆಯ ಹುಡುಗರ ಹೆಗಲಲ್ಲಿಯೂ ಈಚೆಗೆ ಅದು ತೂಗಾಡುತ್ತಿರುವುದುಂಟು. ಹವಾಯಿ ದ್ವೀಪದವರ ನುಡಿಯಲ್ಲಿ ಈ ಹೆಸರಿಗೆ ‘ನೆಗೆಯುವ ಚಿಗಟ’ ಎಂದು ಅರ್ಥ ಹೇಳುತ್ತಾರೆ. ಆದರೆ ವಾದ್ಯದ ತವರು ಹವಾಯಿಯಲ್ಲ. 1879ರಲ್ಲಿ ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದಿಂದ ಕಬ್ಬಿನ ತೋಟಗಳ ದುಡಿಮೆಗೆಂದು ಹಡಗೇರಿ ಬಂದ ವಲಸೆಗಾರರ ಕೈಯಲ್ಲಿದ್ದ ಕಿರುವಾದ್ಯವೇ ಅಲ್ಲಿ ಹೊಸ ಮರ, ಹೊಸ ಹೆಸರು ಪಡೆಯಿತು.

ಇದರ ಮುಂಭಾಗದ ಹಲಗೆಯಲ್ಲಿ ಒಂದು ದುಂಡು ರಂಧ್ರವಿರುತ್ತದೆ. ಕೆಲವು ಕುಶಲಕರ್ಮಿಗಳು ನುಡಿಸುವವನ ಮುಖದ ಕಡೆಗೆ ತಿರುಗಿದ ಪಕ್ಕೆಯಲ್ಲಿ ಇನ್ನೊಂದನ್ನು ಕೊರೆಯುತ್ತಾರೆ. ಅದರಿಂದ ನುಡಿಸುವವನಿಗೆ ತನ್ನ ವಾದ್ಯ ಹೆಚ್ಚು ಕೇಳಿಸುತ್ತದೆ ಎಂಬುದು ಅವರ ಮಾತು. ಇದು ನಿಜವೆ?

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಲಿ. ತಂತಿಗೆ ಬೆರಳು ಕೊಟ್ಟಷ್ಟೇ ಬಲ; ರಂಧ್ರ ಕೊರೆದರೆ ಹೊಸ ಬಲ ಹುಟ್ಟುವುದಿಲ್ಲ. ಹಂಚಿಕೆ ಮಾತ್ರ ಬದಲಾಗುತ್ತದೆ. ಯುಕುಲೇಲೆಯ ಅತಿ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 262 ಕಂಪನಗಳದು. ಗಾಳಿಯಲ್ಲಿ ಅದರ ಅಲೆಯ ಉದ್ದ ಸುಮಾರು 130 ಸೆಂಟಿಮೀಟರು. ಅಷ್ಟುದ್ದದ ಅಲೆಗೆ ಗೇಣುದ್ದದ ಪೆಟ್ಟಿಗೆ ಅಡ್ಡಿಯೇ ಅಲ್ಲ. ಸುತ್ತಿಕೊಂಡು ಹಿಂದಕ್ಕೂ ಬರುತ್ತದೆ. ಆದರೆ ತಂತಿಯಿಂದೇಳುವ ಮೇಲಿನ ಅನುಸ್ವರಗಳ ಅಲೆಗಳು ಬೆರಳುದ್ದದವು. ಅವು ಬಾಣದಂತೆ ಮುಂದಕ್ಕೇ ಹೋಗುತ್ತವೆ. ಹೀಗಾಗಿ ಎದುರು ಕುಳಿತವನಿಗೆ ನಾದದ ಹೊಳಪು, ನುಡಿಸುವವನಿಗೆ ಅದರ ಬೆನ್ನು. ಪಕ್ಕೆಯ ರಂಧ್ರ ಆ ಹೊಳಪಿನಲ್ಲಿ ಒಂದು ಪಾಲನ್ನು ಅವನ ಕಿವಿಗೆ ಮರಳಿಸುತ್ತದೆ. ಇನ್ನೊಂದು ಪರಿಣಾಮವೂ ಉಂಟು. ಖಾಲಿ ಸೀಸೆಯ ಬಾಯಿಗೆ ಊದಿ ನೋಡಿ: ಕಿರಿದಾದ ಬಾಯಿಯದು ತಗ್ಗಿನ ದನಿ, ಅಷ್ಟೇ ಗಾತ್ರದ ಅಗಲಬಾಯಿಯದು ಏರಿದ ದನಿ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಪಂಡಿತನು 1863ರ ತನ್ನ ಗ್ರಂಥದಲ್ಲಿ ಈ ಬಗೆಯ ಗಾಳಿಗೂಡುಗಳನ್ನು ವಿವರವಾಗಿ ವಿಚಾರಿಸಿದ್ದಾನೆ. ರಂಧ್ರ ಹೆಚ್ಚಿದಂತೆ ಪೆಟ್ಟಿಗೆಯೊಳಗಿನ ಗಾಳಿಯ ಸಹಜ ಶ್ರುತಿ ಮೇಲೇರುತ್ತದೆ. ಆದ್ದರಿಂದ ಕೊರೆಯುವವನ ಕೈ ಅಳತೆ ತಪ್ಪಬಾರದು.

ನಮ್ಮಲ್ಲಿ ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಹುಡುಕಿದವರುಂಟು. 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಆಲಾಪಿನೀ, ಕಿನ್ನರಿ ಮೊದಲಾದ ವೀಣೆಗಳನ್ನು ವರ್ಣಿಸುತ್ತಾನೆ. ಆಲಾಪಿನಿಯದು ಒಂದು ಕೋಲು, ಅದಕ್ಕೊಂದು ಸೋರೆಬುರುಡೆ. ಬುರುಡೆಯ ಬಾಯಿ ವಾದಕನ ಎದೆಗೇ ಒತ್ತಿರುತ್ತದೆ. ನಾದವನ್ನು ಕಿವಿಗಿಂತ ಮೊದಲು ಎಲುಬು ಕೇಳಬೇಕು! ಶರಣರಲ್ಲಿ ಕಿನ್ನರಿ ಬೊಮ್ಮಯ್ಯನ ಹೆಸರನ್ನು ನೀವು ಬಲ್ಲಿರಿ. ವಾದ್ಯವೇ ಅವನ ಹೆಸರಿಗೆ ಅಂಟಿಕೊಂಡಿತು. ಉತ್ತರಾದಿಯ ರುದ್ರವೀಣೆಯಲ್ಲಿ ಎಡಬುರುಡೆ ಹೆಗಲನ್ನೇರಿ ಕಿವಿಯ ನೆರೆಯಲ್ಲಿ ಕೂರುತ್ತದೆ. ನಮ್ಮ ಘಟವಾದಕನು ಮಡಕೆಯ ಬಾಯಿಯನ್ನು ಹೊಟ್ಟೆಗೆ ಒತ್ತಿ, ಸಡಿಲಿಸಿ ದನಿಯನ್ನು ತಿದ್ದುವುದನ್ನು ಎಲ್ಲರೂ ಕಂಡಿದ್ದೇವೆ.

ಇನ್ನು ನಮ್ಮ ಸರಸ್ವತೀವೀಣೆ. ಅದರ 24 ಮೆಟ್ಟಿಲುಗಳ ವ್ಯವಸ್ಥೆ 17ನೆಯ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಆಸ್ಥಾನದಲ್ಲಿ, ಕನ್ನಡ ಮೂಲದ ಗೋವಿಂದ ದೀಕ್ಷಿತನ ಕಾಲದಲ್ಲಿ ನೆಲೆಗೊಂಡಿತೆಂಬುದು ಪರಂಪರೆಯ ಮಾತು. ಹಲಸಿನ ಕೊಡದ ಮೇಲಿನ ಹಲಗೆಯನ್ನು ನೋಡಿ: ಅಲ್ಲಿ ಹೂವಿನಾಕಾರದಲ್ಲಿ ಕೊರೆದ ಕಿರುರಂಧ್ರಗಳ ಎರಡು ಗುಂಪು. ಆ ಹಲಗೆಯ ಮುಖ ಸಭೆಯ ಕಡೆಗಿಲ್ಲ, ಮಾಳಿಗೆಯ ಕಡೆಗಿದೆ. ಬಾಗಿ ಕುಳಿತ ವೈಣಿಕರ ಕಿವಿಯೇ ಅದಕ್ಕೆ ಮೊದಲ ಶ್ರೋತೃ. ಯುಕುಲೇಲೆಯವನು ಪಕ್ಕೆ ಕೊರೆದು ಪಡೆಯುವುದನ್ನು ವೈಣಿಕರು ಕುಳಿತ ಭಂಗಿಯಿಂದಲೇ ಪಡೆದಿದ್ದಾರೆ. ದೊಡ್ಡ ಸಭಾಂಗಣದಲ್ಲಿ ವೀಣೆ ‘ಸಣ್ಣ ದನಿಯದು’ ಎನ್ನಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಎಣಿಕೆ.

ಆ ಹೊಳಪಿನ ಅನುಸ್ವರಗಳು ವೀಣೆಯಲ್ಲಿ ಅಷ್ಟು ಸಮೃದ್ಧವಾಗಿರುವುದೇಕೆ? ಇದಕ್ಕೆ ಉತ್ತರ ಕೊಟ್ಟವರು ಸರ್ ಸಿ. ವಿ. ರಾಮನ್. 1921ರ ಒಂದು ಲೇಖನದಲ್ಲಿ ಅವರು ವೀಣೆ ಮತ್ತು ತಂಬೂರಿಗಳ ಕುದುರೆಯನ್ನು ಪರೀಕ್ಷಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಅನುಸ್ವರ ಹುಟ್ಟಬಾರದು ಎಂಬುದು ಹಳೆಯ ನಿಯಮ. ನಮ್ಮ ವಾದ್ಯಗಳಲ್ಲಿ ಅದು ಹುಟ್ಟಿಯೇ ಹುಟ್ಟುತ್ತದೆ! ಕುದುರೆಯ ಮೇಲ್ಮೈ ಚೂಪಾಗಿರದೆ ಇಳಿಜಾರಾಗಿ ಬಾಗಿರುವುದೂ, ತಂತಿ ಅದನ್ನು ಸವರುತ್ತ ಕಂಪಿಸುವುದೂ ಇದಕ್ಕೆ ಕಾರಣ. ತಂಬೂರಿಯಲ್ಲಿ ಈ ಕೆಲಸಕ್ಕೆ ಜೀವಾಳದ ಎಳೆಯೂ ನೆರವಾಗುತ್ತದೆ. ನೀವು ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ಊರೊಳಕ್ಕೆ ಬರುವಾಗ, ಮೇಖ್ರಿ ವೃತ್ತ ದಾಟಿದ ಮೇಲೆ ಸಿಗುವುದೇ ಅವರು 1948ರಲ್ಲಿ ಕಟ್ಟಿದ ಸಂಶೋಧನಾ ಮಂದಿರ. ಅವರ ಪತ್ನಿ ಲೋಕಸುಂದರಿ ವೀಣೆ ಬಲ್ಲವರಾಗಿದ್ದರೆಂಬುದನ್ನೂ ಇಲ್ಲಿ ನೆನೆಯಬಹುದು.

ವೀಣೆ ಶೇಷಣ್ಣನವರ (1852–1926) ಕಾಲದಲ್ಲಿ ಧ್ವನಿವರ್ಧಕದ ಹಂಗಿರಲಿಲ್ಲ. ಅರಮನೆಯ ತೊಟ್ಟಿ, ಮನೆಯ ಪಡಸಾಲೆ, ಹತ್ತಿರ ಕುಳಿತ ರಸಿಕರು. ವೈಣಿಕರು ಕೇಳಿದ್ದನ್ನೇ ಬಹುಮಟ್ಟಿಗೆ ಎಲ್ಲರೂ ಕೇಳುತ್ತಿದ್ದರು. ಸಭೆಗಳು ಹಿಗ್ಗಿದಾಗ ಆ ಸಾಮೀಪ್ಯ ಹೋಯಿತು. ಅದನ್ನು ಮರಳಿ ತಂದುದು ಬಾನುಲಿ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ 30 ವ್ಯಾಟಿನ ಪ್ರಸಾರಯಂತ್ರದಿಂದ ಆಕಾಶವಾಣಿಯನ್ನು ಆರಂಭಿಸಿದರು. 1955ರಲ್ಲಿ ನಿಲಯ ಬೆಂಗಳೂರಿಗೆ ಬಂದಿತು. ಬೆಂಗಳೂರು ನಿಲಯದಲ್ಲಿ ಬಹುಕಾಲ ಸೇವೆ ಸಲ್ಲಿಸಿದ ದೊರೆಸ್ವಾಮಿ ಅಯ್ಯಂಗಾರ್ಯರ ಮೃದುವಾದ ಮೀಟು ಮನೆಮನೆಗೂ ತಲುಪಿದ್ದು ಮೈಕು ವಾದ್ಯದ ಬಳಿಯೇ ನಿಂತಿದ್ದರಿಂದ. ಶ್ರೋತೃವಿನ ಕಿವಿಯನ್ನು ವೈಣಿಕರ ಕಿವಿಯ ಪಕ್ಕದಲ್ಲಿ ಕೂರಿಸಿದಂತಾಯಿತು.

ಹಲಗೆಗೇ ಅಂಟಿಸುವ ಸಂಪರ್ಕ ಮೈಕಿನ ಮಾತು ಬೇರೆ. ಅದು ಗಾಳಿಯ ದನಿಯನ್ನಲ್ಲ, ಮರದ ಅದುರನ್ನು ಹಿಡಿಯುತ್ತದೆ. ದನಿ ದೊಡ್ಡದಾಗುತ್ತದೆ, ಆಯುಸ್ಸು ಹೆಚ್ಚಿದಂತೆ ತೋರುತ್ತದೆ. ಆದರೆ ಮೀಟಿದ ಮೇಲೆ ತಂತಿಯನ್ನು ಎಳೆದೆಳೆದು ಗಮಕ ತೆಗೆಯುವವರು, ನಾದ ಇನ್ನೆಷ್ಟು ಉಳಿದಿದೆ ಎಂಬುದನ್ನು ಕಿವಿಯಿಂದಲೇ ಅಳೆಯುತ್ತಾರೆ. ಆ ಕಿವಿಗೆ ಮರದ ಬದಲು ಎದುರಿನ ಧ್ವನಿವರ್ಧಕ ಕೇಳತೊಡಗಿದರೆ ಬೆರಳು ಬೇರೆಯೇ ಲೆಕ್ಕ ಕಲಿಯುತ್ತದೆ. ದೊಡ್ಡ ಸಭೆಗೆ ಅದು ಅನಿವಾರ್ಯವಿರಬಹುದು. ಕಲಿಯುವ ಮಕ್ಕಳ ವೀಣೆಗಂತೂ ಬೇಡವೆಂದೇ ನನ್ನ ಅಭಿಪ್ರಾಯ.

ಇನ್ನೊಮ್ಮೆ ಬಾನುಲಿಯಲ್ಲಿ ವೀಣೆ ಬಂದಾಗ, ಯಂತ್ರದ ದನಿಯನ್ನು ಸ್ವಲ್ಪ ತಗ್ಗಿಸಿ ಕೇಳಿ. ಕಿರುಬೆರಳು ತಾಳದ ತಂತಿಗಳನ್ನು ತಾಕುವ ಸಣ್ಣ ಸದ್ದು ಕೇಳುತ್ತದೆಯೇ, ಗಮನಿಸಿ. ಕೇಳಿದರೆ ಮೈಕು ಸರಿಯಾದ ಜಾಗದಲ್ಲಿದೆ.